ಒಗ್ಗರಣೆ ಡಬ್ಬಿಯ ಗುಣವೂ ಮಿತಿಯೂ

(ರಕ್ಷಕರ ದಿನಾಚರಣೆಯ ಸಂದರ್ಭದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ರಕ್ಷಕರ ದಿನದಂದು ಮುಖ್ಯೋಪಾಧ್ಯಾಯನಾದವನು ಪರೀಕ್ಷೆಯ ಫಲಿತಾಂಶವನ್ನೂ ಹಾಜರಾತಿಯನ್ನೂ ಕುರಿತು ಮಾತನಾಡುವುದು ವಾಡಿಕೆ. ನಾನು ಎತ್ತಿಕೊಂಡಿರುವುದೂ ಒಂದು ರೀತಿಯಲ್ಲಿ ಹಾಜರಾತಿಯ ವಿಷಯವೇ. ಆದರೆ ಅದಕ್ಕೆ ಅಡುಗೆಮನೆಯ ಬಾಗಿಲಿನಿಂದ ಬರುತ್ತಿದ್ದೇನೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ನಮಗೆ ಬರುವ ರಜೆ ಚೀಟಿಗಳನ್ನು ಒಟ್ಟುಗೂಡಿಸಿ ನೋಡಿದರೆ ಜ್ವರ, ಶೀತ, ಹೊಟ್ಟೆನೋವು ಎಂಬ ಮೂರು ಮಾತುಗಳೇ ಅವುಗಳಲ್ಲಿ ಬಹುಪಾಲನ್ನು ತುಂಬಿರುತ್ತವೆ. ಅವುಗಳ ಕೆಳಗೆ ಅನೇಕ ಮಂದಿ ಪ್ರಾಮಾಣಿಕವಾಗಿ, "ಮನೆಯಲ್ಲಿ ಕಷಾಯ ಮಾಡಿ ಕೊಡುತ್ತಿದ್ದೇವೆ" ಎಂದು ಬರೆದಿರುತ್ತಾರೆ. ಆ ಕಷಾಯದಲ್ಲಿ ಏನಿದೆ, ಅದು ಎಷ್ಟರಮಟ್ಟಿಗೆ ಕೆಲಸಮಾಡುತ್ತದೆ, ಎಲ್ಲಿ ಅದರ ಕೆಲಸ ಮುಗಿಯುತ್ತದೆ ಎಂಬುದನ್ನು ಈ ದಿನ ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಈ ವಿಷಯದಲ್ಲಿ ನಮ್ಮ ನಡುವೆ ಎರಡು ಪಂಗಡಗಳಿವೆ. ಅರಸಿನ, ಒಳ್ಳೆಮೆಣಸು, ಬೆಳ್ಳುಳ್ಳಿಗಳಲ್ಲಿ ಸಕಲ ರೋಗಗಳಿಗೂ ಮದ್ದು ಇದೆ, ವೈದ್ಯರ ಬಳಿಗೆ ಹೋಗುವುದು ದುಡ್ಡಿನ ದಂಡ ಎನ್ನುವವರು ಒಂದು ಪಂಗಡ. ಕೈಯಲ್ಲಿರುವ ಮೊಬೈಲಿಗೆ ದಿನಕ್ಕೆ ಹತ್ತು ಬಾರಿ ಬರುವ ಸಂದೇಶಗಳು ಈ ಪಂಗಡಕ್ಕೆ ಬಲ ಕೊಡುತ್ತಿವೆ. ಇವೆಲ್ಲ ಅಜ್ಜಿಯಂದಿರ ಕಟ್ಟುಕಥೆ, ಗುಳಿಗೆಯೊಂದೇ ಸತ್ಯ ಎನ್ನುವವರದು ಎರಡನೆಯ ಪಂಗಡ. ಎರಡೂ ಪಂಗಡದವರು ಒಗ್ಗರಣೆ ಡಬ್ಬಿಯ ಮುಚ್ಚಳವನ್ನು ತೆರೆದು ಒಳಗಿರುವುದನ್ನು ಸಾವಧಾನವಾಗಿ ನೋಡಿದವರಲ್ಲವೆಂದೇ ನನ್ನ ಅಭಿಪ್ರಾಯ. ಆದಕಾರಣ ಮುಚ್ಚಳವನ್ನು ತೆರೆಯೋಣ.

ಮೊದಲಿಗೆ ಒಳ್ಳೆಮೆಣಸು. ಕಾಸರಗೋಡಿನ ಮಕ್ಕಳಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಕರೆ ಕೀಳಲು ಏಣಿ ಹಿಡಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಆದರೆ ಆ ಹೆಸರಿನೊಳಗೊಂದು ಚರಿತ್ರೆ ಅಡಗಿರುವುದನ್ನು ಗಮನಿಸಿರಲಾರಿರಿ. ಹಿಂದೆ 'ಮೆಣಸು' ಎಂದರೆ ಕರಿಮೆಣಸೇ. ಇಂದು ನಾವು ಮೆಣಸೆಂದು ಕರೆಯುವ ಕೆಂಪುಕಾಯಿ ಅಮೆರಿಕಾ ಖಂಡದ್ದು. ಪೋರ್ಚುಗೀಸರು ಹಡಗಿನಲ್ಲಿ ಬಂದ ಅನಂತರ ಅದು ನಮ್ಮ ಕರಾವಳಿಗೆ ಕಾಲಿಟ್ಟಿತು. ಹೊಸಬನು ಬಂದು ಹೆಸರನ್ನೇ ವಶಪಡಿಸಿಕೊಂಡುದರಿಂದ ಹಳಬನಿಗೆ 'ಒಳ್ಳೆ' ಎಂಬ ವಿಶೇಷಣವನ್ನು ಸೇರಿಸಿ ಕರೆಯಬೇಕಾಯಿತು. ಕನ್ನಡದಲ್ಲಿ ಒಳ್ಳೆಮೆಣಸು, ತುಳುವಿನಲ್ಲಿ ಎಡ್ಡೆಮುಂಚಿ, ಮಲಯಾಳದಲ್ಲಿ ನಲ್ಲಮುಳಕ್. ಮೂರಕ್ಕೂ ಅರ್ಥ ಒಂದೇ. ಒಂದೇ ಬೆಂಚಿನಲ್ಲಿ ಕುಳಿತ ಮೂವರು ಮಕ್ಕಳ ಮೂರು ಮನೆಮಾತುಗಳು ಒಂದು ಕಾಳಿನ ವಿಷಯದಲ್ಲಿ ಇಷ್ಟು ಸಮೀಪವಾಗಿ ಯೋಚಿಸಿರುವುದು ನನಗೆ ಯಾವತ್ತೂ ಸಂತೋಷದ ಸಂಗತಿಯಾಗಿದೆ.

ಒಳ್ಳೆಮೆಣಸಿನ ಖಾರಕ್ಕೆ ಕಾರಣವಾದ ವಸ್ತುವಿಗೆ ಪೈಪರೀನ್ ಎಂದು ಹೆಸರು. ನಾಲಗೆಯನ್ನು ಚುರುಗುಟ್ಟಿಸುವುದರಿಂದ ಬಾಯಲ್ಲಿ ನೀರೂರುತ್ತದೆ, ಮೂಗಿನಲ್ಲಿ ಕಟ್ಟಿಕೊಂಡ ಕಫ ಇಳಿದು ಉಸಿರು ಸರಾಗವಾದಂತಾಗುತ್ತದೆ. ಶೀತವಾದಾಗ ಮೆಣಸಿನ ಸಾರು ಕುಡಿದವರಿಗೆ ಹಾಯೆನಿಸುವುದು ಸುಳ್ಳಲ್ಲ. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಜೀರಿಗೆ, ಶುಂಠಿ, ಒಳ್ಳೆಮೆಣಸು, ಮೆಂತೆ, ಅರಸಿನ ಮುಂತಾದವು ಪಿತ್ತರಸದ ಸ್ರಾವವನ್ನೂ ಜೀರ್ಣಕ್ರಿಯೆಗೆ ಬೇಕಾದ ಕಿಣ್ವಗಳ ಕೆಲಸವನ್ನೂ ಚುರುಕುಗೊಳಿಸುವುದು ಕಂಡುಬಂದಿದೆ. ಊಟಕ್ಕೆ ಒಗ್ಗರಣೆ ಹಾಕುವ ಪದ್ಧತಿಯು ಕೇವಲ ಬಾಯಿಚಪಲದಿಂದ ಬಂದದ್ದಲ್ಲವೆಂದು ಇದರಿಂದ ತೋರುತ್ತದೆ.

ಒಳ್ಳೆಮೆಣಸಿನ ಇನ್ನೊಂದು ಗುಣವನ್ನು ಹೇಳಬೇಕಾದರೆ ಅರಸಿನದ ಕಡೆಗೆ ತಿರುಗಬೇಕು. ಅರಸಿನದ ಬಣ್ಣಕ್ಕೂ ಕೀರ್ತಿಗೂ ಕಾರಣವಾದ ವಸ್ತು ಕುರ್ಕುಮಿನ್. ಇದು ಬಾವನ್ನು ತಗ್ಗಿಸುವ, ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವುಳ್ಳದ್ದೆಂದು ಪ್ರಯೋಗಶಾಲೆಗಳಲ್ಲಿ ತಿಳಿದುಬಂದಿದೆ. ಆದರೆ ಹೊಟ್ಟೆಗೆ ಹೋದ ಕುರ್ಕುಮಿನ್‌ನ ಬಹುಭಾಗ ರಕ್ತಕ್ಕೆ ಸೇರುವುದೇ ಇಲ್ಲ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಪ್ರಕಟಿಸಿದ ಸಂಶೋಧನೆಯಲ್ಲಿ, ಆರೋಗ್ಯವಂತರಿಗೆ 2 ಗ್ರಾಂ ಕುರ್ಕುಮಿನ್ನನ್ನು ಒಂಟಿಯಾಗಿ ಕೊಟ್ಟಾಗ ರಕ್ತದಲ್ಲಿ ಅದರ ಸುಳಿವು ಅತ್ಯಲ್ಪವಾಗಿತ್ತು. ಅದರೊಂದಿಗೆ 20 ಮಿಲಿಗ್ರಾಂ ಪೈಪರೀನನ್ನು ಕೊಟ್ಟಾಗ ಹೀರಿಕೆಯು ಸುಮಾರು ಇಪ್ಪತ್ತು ಪಾಲು ಹೆಚ್ಚಿತು. ಅರಸಿನದ ಹಾಲಿಗೆ ನಾಲ್ಕು ಕಾಳು ಒಳ್ಳೆಮೆಣಸನ್ನು ಜಜ್ಜಿ ಹಾಕುತ್ತಿದ್ದ ಹಿರಿಯರ ಕೈಗುಣವನ್ನು ಮೆಚ್ಚಲು ಇದೊಂದು ಕಾರಣವೇ ಸರಿ.

ಇಷ್ಟು ಹೇಳಿ ನಿಲ್ಲಿಸಿದರೆ ನೀವೆಲ್ಲ ಚಪ್ಪಾಳೆ ತಟ್ಟುವಿರಿ. ಆದರೆ ಗಣಿತದ ಪೀರಿಯಡನ್ನೂ ಸ್ವಲ್ಪ ನಡೆಸೋಣ. ನೂರು ಗ್ರಾಂ ಅರಸಿನ ಪುಡಿಯಲ್ಲಿ ಕುರ್ಕುಮಿನ್ ಇರುವುದು ಹೆಚ್ಚುಕಡಿಮೆ 3 ಗ್ರಾಂ ಮಾತ್ರ. ಹಾಗಾದರೆ 2 ಗ್ರಾಂ ಕುರ್ಕುಮಿನ್ ದೊರೆಯಲು ಎಷ್ಟು ಅರಸಿನ ಬೇಕು? ಏಳನೆಯ ತರಗತಿಯವರು ಬಾಯಿಲೆಕ್ಕದಲ್ಲಿ ಹೇಳಬಲ್ಲಿರಿ: ಸುಮಾರು 67 ಗ್ರಾಂ. ಒಂದು ಲೋಟ ಹಾಲಿಗೆ ಹಾಕುವ ಚಿಟಿಕೆಯ ತೂಕ ಒಂದು ಗ್ರಾಂ ಕೂಡ ಆಗುವುದಿಲ್ಲ. ಅಂದಮೇಲೆ ಪ್ರಯೋಗದಲ್ಲಿ ಕಂಡ ಫಲವನ್ನು ಆ ಚಿಟಿಕೆಯಿಂದ ನಿರೀಕ್ಷಿಸುವುದು ನ್ಯಾಯವಲ್ಲ. ಬಿಸಿ ಹಾಲು ಗಂಟಲಿಗೆ ಹಿತ, ಮಲಗುವ ಮುನ್ನ ತಾಯಿ ಕೈಯಿಂದ ಕೊಟ್ಟದ್ದು ಮನಸ್ಸಿಗೂ ಹಿತ. ಆ ಹಿತವನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ಸಂಜೀವಿನಿಯೆಂದು ಕರೆಯುವುದಕ್ಕೆ ಮಾತ್ರ ನನ್ನ ಆಕ್ಷೇಪ. ಹಾಗೆಂದು ಸಾರವನ್ನೇ ಗುಳಿಗೆಯಾಗಿ ನುಂಗುತ್ತೇವೆನ್ನುವವರೂ ಎಚ್ಚರದಿಂದಿರಬೇಕು. ಅಂತಹ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಸಾಂಬಾರಿನಲ್ಲಿ ನಿರಪಾಯವಾದದ್ದು ಸೀಸೆಯಲ್ಲಿಯೂ ನಿರಪಾಯವಾಗಿರಬೇಕೆಂಬ ನಿಯಮವಿಲ್ಲ.

ಅರಸಿನದ ವಿಷಯದಲ್ಲಿ ವಿದ್ಯಾರ್ಥಿಗಳು ತಿಳಿದಿರಬೇಕಾದ ಮೊಕದ್ದಮೆಯೊಂದಿದೆ. ಗಾಯ ಮಾಯಿಸಲು ಅರಸಿನವನ್ನು ಉಪಯೋಗಿಸುವ ವಿಧಾನಕ್ಕೆ 1995ರಲ್ಲಿ ಅಮೆರಿಕಾದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟ್ ದೊರೆಯಿತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಲಿಯು ಇದನ್ನು ಪ್ರಶ್ನಿಸಿತು. ಇದು ಹೊಸ ಶೋಧವಲ್ಲ, ಭಾರತದಲ್ಲಿ ಬಹುಕಾಲದಿಂದ ತಿಳಿದ ಸಂಗತಿ ಎಂದು ಹಳೆಯ ಗ್ರಂಥಗಳ, ಪತ್ರಿಕೆಗಳ ಆಧಾರಗಳನ್ನು ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು. ಇಲ್ಲಿ ಗಮನಿಸತಕ್ಕದ್ದು ಒಂದಿದೆ. ಗೆದ್ದದ್ದು ನಮ್ಮ ಅಭಿಮಾನವಲ್ಲ, ಬರೆದಿಟ್ಟ ಕಾಗದ. "ನಮ್ಮ ಅಜ್ಜಿಗೆ ಇದು ಗೊತ್ತಿತ್ತು" ಎಂದು ಬಾಯಿಮಾತಿನಲ್ಲಿ ಹೇಳಿದ್ದರೆ ಪೇಟೆಂಟ್ ಕಚೇರಿ ಒಪ್ಪುತ್ತಿರಲಿಲ್ಲ.

ಬರೆದಿಡುವ ವಿಷಯದಲ್ಲಿ ನಮ್ಮ ಈ ಮಲೆಬಾರಿನ ನೆಲಕ್ಕೆ ಒಂದು ಗೌರವದ ಸ್ಥಾನವೇ ಇದೆ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಎಂಬಾತನು ಮಲೆಬಾರಿನ ಗಿಡಮರಗಳನ್ನು ಚಿತ್ರಸಹಿತ ವರ್ಣಿಸುವ 'ಹೋರ್ತುಸ್ ಮಲಬಾರಿಕುಸ್' ಎಂಬ ಗ್ರಂಥವನ್ನು ಮಾಡಿಸಿದನು. ಅದರ ಹನ್ನೆರಡು ಸಂಪುಟಗಳು 1678ರಿಂದ 1693ರವರೆಗೆ ಆಂಸ್ಟರ್‌ಡಾಮಿನಲ್ಲಿ ಅಚ್ಚಾದವು. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ವೈದ್ಯರು. ಅವರ ಹೇಳಿಕೆಗಳನ್ನು ಗ್ರಂಥದಲ್ಲಿ ಅವರವರ ಲಿಪಿಯಲ್ಲಿಯೇ ಮುದ್ರಿಸಲಾಗಿದೆ. ನಮ್ಮ ಶಾಲೆಯಲ್ಲಿ ಕೊಂಕಣಿ ಮನೆಮಾತಿನ ಮಕ್ಕಳೂ ಇರುವುದರಿಂದ ಈ ಹೆಸರುಗಳನ್ನು ಬೇಕೆಂದೇ ಹೇಳಿದ್ದೇನೆ.

ಪ್ರಕೃತ ಡಬ್ಬಿಗೆ ಮರಳೋಣ. ಮೆಂತೆಯ ವಿಷಯ ತಂದೆತಾಯಂದಿರಿಗೆ ಹೆಚ್ಚು ಸಂಬಂಧಿಸಿದ್ದು, ಏಕೆಂದರೆ ಸಿಹಿಮೂತ್ರ ರೋಗವಿಲ್ಲದ ಮನೆ ಈಗ ಅಪರೂಪವಾಗಿದೆ. ಮೆಂತೆಕಾಳಿನಲ್ಲಿ ನೀರಿನಲ್ಲಿ ಲೋಳೆಯಾಗುವ ನಾರು ಹೇರಳವಾಗಿದೆ. ಅದು ಊಟದ ಸಕ್ಕರೆಯು ರಕ್ತಕ್ಕೆ ನುಗ್ಗುವ ವೇಗವನ್ನು ತಗ್ಗಿಸುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ನಡೆದ ಪರೀಕ್ಷೆಗಳಲ್ಲಿ ದಿನಕ್ಕೆ 25 ಗ್ರಾಂನಷ್ಟು ಮೆಂತೆಯನ್ನು ಆಹಾರದೊಡನೆ ಕೊಟ್ಟಾಗ ಪ್ರಯೋಜನ ಕಂಡುಬಂದಿತು. ಸಾರಿಗೆ ಸಿಡಿಸುವ ಹತ್ತು ಕಾಳಿನಿಂದ ಅಷ್ಟು ಫಲ ಬಾರದು. ನಮ್ಮ ಕಡೆಯ ಮೆಂತೆ ಗಂಜಿ, ಮೆಂತೆ ದೋಸೆಗಳಲ್ಲಿ ಕಾಳಿನ ಪ್ರಮಾಣ ಒಗ್ಗರಣೆಗಿಂತ ಎಷ್ಟೋ ಹೆಚ್ಚಿರುವುದರಿಂದ ಅವನ್ನು ಉಳಿಸಿಕೊಳ್ಳುವುದು ಲೇಸು. ಆದರೆ ಮೆಂತೆ ತಿನ್ನುತ್ತೇನೆಂದು ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ತಾನಾಗಿ ಬಿಡುವುದು ಅಪಾಯಕರ. ಎರಡನ್ನೂ ಸೇವಿಸುವವರು ಆ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕು.

ಲವಂಗದ ಎಣ್ಣೆಯಲ್ಲಿರುವ ಯೂಜೆನಾಲ್ ಹಲ್ಲುನೋವನ್ನು ಮರಗಟ್ಟಿಸುತ್ತದೆ. ದಂತವೈದ್ಯರು ಹಲ್ಲು ತುಂಬುವಾಗ ಉಪಯೋಗಿಸುವ ಒಂದು ಬಗೆಯ ಗಾರೆಯಲ್ಲಿಯೂ ಇದೇ ವಸ್ತು ಇದೆ. ಆದರೆ ನೋವು ನಿಂತಿತೆಂದರೆ ಹುಳುಕು ಹೋಯಿತೆಂದಲ್ಲ. ಆ ಎಣ್ಣೆಯ ಸೀಸೆಯನ್ನು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ಇಡಬೇಕು, ನುಂಗಿದರೆ ವಿಷವಾಗುತ್ತದೆ. ವಾಕರಿಕೆಗೆ ಶುಂಠಿ ಒಳ್ಳೆಯದೆಂಬುದಕ್ಕೆ ಪರೀಕ್ಷೆಗಳಲ್ಲಿ ಸಾಕಷ್ಟು ಸಮರ್ಥನೆ ದೊರೆತಿದೆ. ಓಮದ ವಾಸನೆಗೆ ಕಾರಣವಾದ ಥೈಮಾಲ್ ಬಾಯಿ ಮುಕ್ಕಳಿಸುವ ಔಷಧಗಳಲ್ಲಿ ಬಳಕೆಯಾಗುತ್ತದೆ. ಬೆಳ್ಳುಳ್ಳಿಯಿಂದ ರಕ್ತದೊತ್ತಡ ಅಲ್ಪಸ್ವಲ್ಪ ಇಳಿಯಬಹುದು. ರಕ್ತ ತೆಳುವಾಗಲು ಗುಳಿಗೆ ತೆಗೆದುಕೊಳ್ಳುವವರು ಅದನ್ನು ಮದ್ದಿನಂತೆ ಹೆಚ್ಚಾಗಿ ತಿನ್ನಬಾರದು. ಇಂಗಿನ ವಿಷಯ ವಿಚಿತ್ರ. ಇಂಗಿಲ್ಲದೆ ಸಾರು ಕುದಿಯದ ನಾಡು ನಮ್ಮದಾದರೂ ಇಂಗಿನ ಗಿಡ ಅಫಘಾನಿಸ್ತಾನ, ಇರಾನ್ ಮುಂತಾದ ಕಡೆಯದು. ಭಾರತದಲ್ಲಿ ಅದನ್ನು ಬೆಳೆಸುವ ಯತ್ನವಾಗಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರಲ್ಲಿ. ಪೇಟೆಯ ಡಬ್ಬಿಯಲ್ಲಿರುವುದು ಹಿಟ್ಟನ್ನೂ ಅಂಟನ್ನೂ ಬೆರೆಸಿದ ಇಂಗು.

ಒಂದೆಲಗದ ಬಗ್ಗೆ ಪರೀಕ್ಷೆ ಹತ್ತಿರವಾದಾಗಲೆಲ್ಲ ನನ್ನನ್ನು ಕೇಳುವವರಿದ್ದಾರೆ. ಒಂದೆಲಗದ ತಂಬುಳಿ ಉಂಡರೆ ಜ್ಞಾಪಕಶಕ್ತಿ ಬೆಳೆಯುವುದೆಂಬ ನಂಬಿಕೆ ಪುರಾತನವಾದದ್ದು. ಅದಕ್ಕೆ ದೃಢವಾದ ಪ್ರಮಾಣ ಇನ್ನೂ ದೊರೆತಿಲ್ಲ. ಒಂದು ಬಟ್ಟಲು ತಂಬುಳಿಯಿಂದ ಹತ್ತೊಂಬತ್ತರ ಮಗ್ಗಿ ಬಂದ ವಿದ್ಯಾರ್ಥಿಯನ್ನು ನಾನಂತೂ ಕಂಡಿಲ್ಲ. ಹಾಗೆಂದು ಊಟದಿಂದ ಅದನ್ನು ತೆಗೆಯಬೇಡಿ. ಸೊಪ್ಪು, ತೆಂಗಿನಕಾಯಿ, ಮಜ್ಜಿಗೆ, ಜೀರಿಗೆಗಳು ಕೂಡಿದ ತಂಬುಳಿಗಿಂತ ಮಿತವ್ಯಯದ, ಹಿತವಾದ ವ್ಯಂಜನ ಇನ್ನೊಂದಿಲ್ಲ. ಗದ್ದೆಯ ಬದುವಿನಿಂದಲೂ ತೋಡಿನ ಬದಿಯಿಂದಲೂ ತಂದ ಎಲೆಯನ್ನು ಮಳೆಗಾಲದಲ್ಲಿ ಹಸಿಯಾಗಿ ಅರೆಯದೆ, ಚೆನ್ನಾಗಿ ತೊಳೆದು, ಬಾಡಿಸಿ ಬೇಯಿಸಿ ಉಪಯೋಗಿಸಿರಿ. ಆ ನೀರಿನಲ್ಲಿ ಇಲಿಗಳ ಓಡಾಟವಿರುತ್ತದೆ. ಸಾಂಬ್ರಾಣಿ ಸೊಪ್ಪಿಗೆ ಮಲಯಾಳದಲ್ಲಿ ಪನಿಕೂರ್ಕ ಎಂದು ಹೆಸರು. ಪನಿ ಎಂದರೆ ಜ್ವರ. ಎಳೆಯರ ಶೀತಕ್ಕೆ ಅದರ ರಸವನ್ನು ಎರಡೂ ಭಾಷೆಯ ಮನೆಗಳಲ್ಲಿ ಕೊಡುತ್ತಾರೆ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಶೀತ, ಸಾಮಾನ್ಯ ಕೆಮ್ಮು, ಅಜೀರ್ಣ ಇವು ಏನೂ ಮಾಡದಿದ್ದರೂ ಹೆಚ್ಚಾಗಿ ಒಂದು ವಾರದೊಳಗೆ ಗುಣವಾಗುವ ತೊಂದರೆಗಳು. ಮೂರನೆಯ ದಿನ ಕಷಾಯ ಕೊಟ್ಟು, ಆರನೆಯ ದಿನ ಹುಡುಗ ಎದ್ದು ಓಡಾಡಿದರೆ ಕೀರ್ತಿಯೆಲ್ಲ ಕಷಾಯಕ್ಕೆ ಸಲ್ಲುತ್ತದೆ. ಗುಳಿಗೆ ಕೊಟ್ಟಿದ್ದರೆ ಗುಳಿಗೆಗೆ ಸಲ್ಲುತ್ತಿತ್ತು. ಹೀಗೆ ತಾನಾಗಿ ವಾಸಿಯಾಗುವ ಕಾಯಿಲೆಗಳಲ್ಲಿ ಗಳಿಸಿದ ಕೀರ್ತಿಯನ್ನು ನಂಬಿಕೊಂಡು, ತಾನಾಗಿ ವಾಸಿಯಾಗದ ಕಾಯಿಲೆಗೂ ಅದೇ ಪಾತ್ರೆಯನ್ನು ಒಲೆಯ ಮೇಲಿಟ್ಟಾಗ ಅನರ್ಥವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಆಟಿ ತಿಂಗಳಿನಲ್ಲಿ ಒಬ್ಬ ಬಾಲಕ ಐದು ದಿನ ಶಾಲೆಗೆ ಬರಲಿಲ್ಲ. ಗದ್ದೆಯ ಕೆಸರಿನಲ್ಲಿ ಆಡಿದ್ದನು; ಕಾಲಿನಲ್ಲಿ ಗಾಯವಿತ್ತು. ಜ್ವರಕ್ಕೆ ಒಳ್ಳೆಮೆಣಸು, ಶುಂಠಿ, ತುಳಸಿಗಳ ಕಷಾಯವನ್ನು ಅಜ್ಜಿ ಶ್ರದ್ಧೆಯಿಂದ ದಿನಕ್ಕೆ ಮೂರು ಹೊತ್ತು ಕೊಡುತ್ತಿದ್ದರು. ಆರನೆಯ ದಿನ ಅಧ್ಯಾಪಕರೊಬ್ಬರು ಮನೆಗೆ ಹೋಗಿ ನೋಡಿದಾಗ ಅವನ ಕಣ್ಣು ಕೆಂಪಗಾಗಿತ್ತು, ಮೀನಖಂಡವನ್ನು ಮುಟ್ಟಿದರೆ ಚೀರುತ್ತಿದ್ದನು, ಮೂತ್ರ ಕಡಿಮೆಯಾಗಿತ್ತು. ಅದು ಇಲಿಜ್ವರ. ಆಸ್ಪತ್ರೆಯಲ್ಲಿ ಹನ್ನೆರಡು ದಿನವಿದ್ದು ಬದುಕಿ ಬಂದನು. ಆ ಅಜ್ಜಿಯನ್ನು ನಾನು ದೂರುವುದಿಲ್ಲ, ಅವರ ಕಷಾಯವನ್ನೂ ದೂರುವುದಿಲ್ಲ. ಮೊದಲ ದಿನ ಕೊಟ್ಟ ಕಷಾಯ ಸರಿಯಾದದ್ದೇ. ಐದನೆಯ ದಿನವೂ ಕಷಾಯವನ್ನೇ ಕೊಟ್ಟದ್ದು ಸರಿಯಲ್ಲ. ಇಲಿಜ್ವರವು ಆರಂಭದಲ್ಲಿ ಸುಲಭವಾದ ಔಷಧಕ್ಕೆ ಬಗ್ಗುವ ರೋಗ. ತಡವಾದರೆ ಮೂತ್ರಪಿಂಡವನ್ನೂ ಯಕೃತ್ತನ್ನೂ ಹಿಡಿಯುತ್ತದೆ. ಡೆಂಗಿಯೂ ಇದೇ ಋತುವಿನ ಅತಿಥಿ. ಆದುದರಿಂದ ಜ್ವರ ಎರಡು ದಿನ ದಾಟಿದರೆ ರಕ್ತಪರೀಕ್ಷೆ ಮಾಡಿಸಬೇಕು. ಮಗು ಮಂಕಾಗಿದ್ದರೆ, ಏದುಸಿರು ಬಿಡುತ್ತಿದ್ದರೆ, ನೀರೂ ನಿಲ್ಲದೆ ವಾಂತಿಯಾದರೆ, ಮೂತ್ರ ಕಟ್ಟಿದರೆ ಎರಡು ದಿನವನ್ನೂ ಕಾಯಬಾರದು.

ಭೇದಿಗೆ ಕೆಲವರು ನೀರನ್ನೇ ನಿಲ್ಲಿಸಿ ಕಾಳುಗಳ ಪುಡಿಯನ್ನು ತಿನ್ನಿಸುತ್ತಾರೆ. ಭೇದಿಯಲ್ಲಿ ಮಗುವಿನ ಪ್ರಾಣಕ್ಕೆ ಅಪಾಯವಾಗುವುದು ಮೈಯ ನೀರೂ ಉಪ್ಪೂ ಹೊರಟುಹೋಗುವುದರಿಂದ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾಕ್ಟರ್ ದಿಲೀಪ್ ಮಹಲನಬೀಸ್ ಅವರು ಉಪ್ಪು ಸಕ್ಕರೆಗಳ ನೀರನ್ನು ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದರು. ಈ ಔಷಧವೂ ಅಡುಗೆಮನೆಯದೇ! ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು. ಚಮಚವನ್ನು ಗೋಪುರವಾಗಿ ತುಂಬದೆ ಸಮತಟ್ಟಾಗಿ ಅಳೆಯಬೇಕು. ಆರೋಗ್ಯ ಕೇಂದ್ರದ ಪೊಟ್ಟಣ ದೊರೆತರೆ ಅದೇ ಮೇಲು. ಉಪ್ಪು ಹಾಕಿದ ಗಂಜಿಯ ತೆಳಿಯೂ ನಡೆದೀತು.

ಹಸುಗೂಸುಗಳ ವಿಷಯವನ್ನು ತಾಯಂದಿರು ಕ್ಷಮಿಸಿ ಕೇಳಬೇಕು. ಬಜೆಯನ್ನು ಕಲ್ಲಿನಲ್ಲಿ ತೇದು ಜೇನಿನೊಡನೆ ನಾಲಗೆಗೆ ಸವರುವ ರೂಢಿ ನಮ್ಮಲ್ಲಿಯೂ ಮಲಯಾಳಿ ಮನೆಗಳಲ್ಲಿಯೂ ಇದೆ. ಬಜೆಯಲ್ಲಿ ಅಸರೋನ್ ಎಂಬ ವಿಷಕರ ವಸ್ತುವುಂಟು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಬೀಜಾಣು ಒಂದು ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಬೆಳೆದು ಸ್ನಾಯುಗಳನ್ನು ಸೋಲಿಸಬಲ್ಲದು. ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನೂ ಬೇಡ ಎಂದು ವೈದ್ಯರು ಹೇಳುವುದು ಶಾಸ್ತ್ರಕ್ಕೆ ಅಗೌರವದಿಂದಲ್ಲ.

ಸುಟ್ಟ ಗಾಯಕ್ಕೆ ಅರಸಿನವನ್ನು ಮೆತ್ತದೆ, ಹರಿಯುವ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಿರಿ. ನಾಯಿ ಕಚ್ಚಿದಲ್ಲಿ ಮೆಣಸಿನ ಪುಡಿ, ಅರಸಿನ, ಸುಣ್ಣ, ಕಾಫಿಪುಡಿ ಇವುಗಳಲ್ಲಿ ಯಾವುದನ್ನೂ ಹಚ್ಚಕೂಡದು. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಆ ದಿನವೇ ಚುಚ್ಚುಮದ್ದಿಗೆ ಹೋಗಬೇಕು. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಬಳಿಕ ಅಡುಗೆಮನೆಗೂ ಆಸ್ಪತ್ರೆಗೂ ಮಾಡಲು ಬಹುತೇಕ ಏನೂ ಉಳಿದಿರುವುದಿಲ್ಲ. ಬೆಕ್ಕಿನ ಪರಚನ್ನೂ ಮಕ್ಕಳು ಮನೆಯಲ್ಲಿ ಮುಚ್ಚಿಡಬಾರದು. ಮುಚ್ಚಿಟ್ಟರೆ ಬೈಯುವವನು ನಾನು, ಹೇಳಿದರೆ ಯಾರೂ ಬೈಯಲಾರರು.

ಆಟಿ ಅಮಾವಾಸ್ಯೆಯ ಹಾಲೆಮರದ ಕಷಾಯವನ್ನು ಇಲ್ಲಿ ನೆನೆಯದಿದ್ದರೆ ತುಳುವ ಬಂಧುಗಳು ಮುನಿದಾರು. ಬೆಳ್ಳುಳ್ಳಿ, ಓಮ, ಒಳ್ಳೆಮೆಣಸು ಕೂಡಿಸಿ, ಕಾದ ಬೆಣಚುಕಲ್ಲಿನ ಒಗ್ಗರಣೆ ಕೊಟ್ಟು ಕುಡಿಯುವ ಆ ಕಹಿಯೂ, ಆಮೇಲಿನ ಮೆಂತೆ ಗಂಜಿಯೂ ನನಗೆ ಪ್ರಿಯವಾದ ಆಚಾರಗಳೇ. ಆದರೆ ನಸುಕಿನ ಕತ್ತಲೆಯಲ್ಲಿ ತೊಗಟೆ ಕೆತ್ತುವ ಕೆಲಸವನ್ನು ಮರ ತಿಳಿದ ಹಿರಿಯರಿಗೇ ಬಿಡಬೇಕು. ಹಿಂದಿನ ದಿನ ಹಗಲಿನಲ್ಲಿ ಮರವನ್ನು ಗುರುತಿಸಿ ಹಗ್ಗ ಕಟ್ಟಿಡುವುದು ಜಾಣತನ. ಕಾಸರಕದ ಮರವೂ ನಮ್ಮ ಗುಡ್ಡಗಳಲ್ಲಿದೆ. ಅದರ ತೊಗಟೆಯಲ್ಲಿಯೂ ಬೀಜದಲ್ಲಿಯೂ ಸ್ಟ್ರಿಕ್ನೀನ್ ಎಂಬ ಘೋರ ವಿಷವಿದೆ. ಆ ಮರದಿಂದಲೇ ಕಾಸರಗೋಡಿಗೆ ಹೆಸರು ಬಂತೆಂದು ಹೇಳುವವರಿದ್ದಾರೆ. ಹೆಸರಿನಲ್ಲಿದ್ದರೆ ಸಾಕು, ಲೋಟದಲ್ಲಿ ಬೇಡ.

ಕೊನೆಗೆ, ಡಬ್ಬಿಯೊಳಗೆ ಬಂದು ಸೇರುವ ಕಲಬೆರಕೆ. ಅರಸಿನಕ್ಕೆ ಹೊಳಪು ಬರಲೆಂದು ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣವನ್ನು ಬೆರೆಸುವ ದುಷ್ಟರಿದ್ದಾರೆ. ಸೀಸವು ಬೆಳೆಯುವ ಮಕ್ಕಳ ಮೆದುಳಿಗೆ ಹಾನಿಮಾಡುತ್ತದೆ. ಬಾಂಗ್ಲಾದೇಶದಲ್ಲಿ 2019ರಲ್ಲಿ ಪರೀಕ್ಷಿಸಿದ ಪೇಟೆಯ ಅರಸಿನದ ಮಾದರಿಗಳಲ್ಲಿ ನೂರಕ್ಕೆ 47ರಲ್ಲಿ ಸೀಸ ಸಿಕ್ಕಿತು. ಸರಕಾರ ದಂಡ ವಿಧಿಸಿ, ಜನರಿಗೆ ತಿಳಿವಳಿಕೆ ಕೊಟ್ಟ ಮೇಲೆ 2021ರ ಹೊತ್ತಿಗೆ ಒಂದರಲ್ಲಿಯೂ ಸಿಗಲಿಲ್ಲ. ಮನಸ್ಸು ಮಾಡಿದರೆ ಎರಡು ವರ್ಷ ಸಾಕಾಯಿತೆಂಬುದನ್ನು ಗಮನಿಸಿರಿ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಮುಳ್ಳು ದತ್ತೂರಿಯ ಬೀಜದ ಎಣ್ಣೆ ಬೆರೆತು ಮೈ ಬಾತುಕೊಂಡು ಹಲವರು ಸತ್ತರು. ನಾವು ತೆಂಗಿನೆಣ್ಣೆಯವರಾದರೂ ಸಾಸಿವೆ ಕಾಳು ನಮ್ಮಲ್ಲಿಯೂ ದಿನನಿತ್ಯದ್ದು. ಸಾಸಿವೆಯ ಮೈ ನುಣುಪು, ಒಡೆದರೆ ಒಳಗೆ ಹಳದಿ. ದತ್ತೂರಿಯ ಬೀಜದ ಮೈ ಒರಟು, ಒಳಗೆ ಬಿಳಿ. ಒಳ್ಳೆಮೆಣಸನ್ನು ನೀರಿಗೆ ಹಾಕಿದರೆ ತುಂಬಿದ ಕಾಳು ಮುಳುಗುತ್ತದೆ, ಒಣಗಿದ ಪಪ್ಪಾಯಿ ಬೀಜ ತೇಲುತ್ತದೆ. ಜೊಳ್ಳು ಮೆಣಸೂ ತೇಲಬಹುದಾದುದರಿಂದ ತೇಲಿದ್ದನ್ನು ಒಡೆದು ಮೂಸಿ ನೋಡಬೇಕು. ಅರಸಿನದ ಕೊಂಬನ್ನು ನೀರಿಗೆ ಹಾಕಿದ ಕೂಡಲೆ ಗಾಢವಾದ ಬಣ್ಣ ಬಿಟ್ಟರೆ ಸಂಶಯಪಡಬೇಕು. ಪುಡಿಯಲ್ಲಿ ಮೋಸ ಸುಲಭ. ಕೊಂಬನ್ನೇ ಕೊಂಡು, ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿ ಪುಡಿಮಾಡಿಟ್ಟುಕೊಳ್ಳುವವರು ಹಣವನ್ನೂ ಉಳಿಸುತ್ತಾರೆ. ಜೂನ್ ಬಂದ ಮೇಲೆ ನಮ್ಮ ಗಾಳಿಯ ತೇವಕ್ಕೆ ಮೆಣಸು, ಕೊತ್ತಂಬರಿಗಳಿಗೆ ಬೂಷ್ಟು ಹಿಡಿಯುತ್ತದೆ. ಹಿಡಿದದ್ದನ್ನು ಒರಸಿ ಹುರಿದು ಉಪಯೋಗಿಸಬಾರದು. ಬೂಷ್ಟಿನ ವಿಷ ಹುರಿದರೂ ಹೋಗದು.

ವಿಜ್ಞಾನ ಸಂಘದ ಮಕ್ಕಳು ಬರುವ ಶನಿವಾರ ಪ್ರಯೋಗಶಾಲೆಯಲ್ಲಿ ಈ ಪರೀಕ್ಷೆಗಳನ್ನು ಮಾಡಿ ತೋರಿಸುವವರಿದ್ದಾರೆ. ಪ್ರತಿ ವಿದ್ಯಾರ್ಥಿಯೂ ಮನೆಯಿಂದ ಒಂದು ಕೊಂಬು ಅರಸಿನ, ಒಂದು ಚಮಚ ಒಳ್ಳೆಮೆಣಸು, ಒಂದು ಚಮಚ ಸಾಸಿವೆಯನ್ನು ಬೇರೆ ಬೇರೆ ಕಾಗದದಲ್ಲಿ ಕಟ್ಟಿ ತರಬೇಕು. ಅಂಗಡಿಯ ಹೆಸರನ್ನು ಬರೆಯುವುದು ಬೇಡ.

ಇನ್ನೊಂದು ಕೆಲಸ ಹಿರಿಯರಿಂದ ಆಗಬೇಕಾಗಿದೆ. ನಮ್ಮ ಗ್ರಂಥಾಲಯದ ಮೇಜಿನ ಮೇಲೆ ಇನ್ನೂರು ಪುಟದ ಒಂದು ಪುಸ್ತಕವನ್ನು ಇರಿಸಿದ್ದೇವೆ. ನಿಮ್ಮ ಮನೆಯ ಕಷಾಯ, ತಂಬುಳಿ, ಗಂಜಿಗಳ ಅಳತೆಯನ್ನು ಅದರಲ್ಲಿ ಬರೆಯಿರಿ. ಬರೆಯಲಾರದವರು ಹೇಳಿರಿ, ಮಕ್ಕಳು ಬರೆದುಕೊಳ್ಳುತ್ತಾರೆ. ಪ್ರತಿಯೊಂದು ಜೀನಸಿಗೂ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಇವುಗಳಲ್ಲಿ ನಿಮಗೆ ಗೊತ್ತಿರುವ ಹೆಸರನ್ನು ಸೇರಿಸಿರಿ. ಪೇಟೆಯ ಪೊಟ್ಟಣಗಳ ಮೇಲೆ ನಮ್ಮ ಮಕ್ಕಳು ಈ ಹೆಸರುಗಳನ್ನು ಕನ್ನಡದಲ್ಲಿ ಓದುವ ಸಂದರ್ಭ ಕಡಿಮೆ. ಐದನೆಯ ತರಗತಿಯಲ್ಲಿ ಓಮವನ್ನು ಕೈಯಲ್ಲಿಟ್ಟು ಹೆಸರು ಕೇಳಿದಾಗ ನಾಲ್ವರು ಮಾತ್ರ ಕನ್ನಡದಲ್ಲಿ ಹೇಳಿದರು. ಎಡಪುಟದಲ್ಲಿ ಅಳತೆ, ಬಲಪುಟದಲ್ಲಿ ಯಾವ ವಯಸ್ಸಿನವರಿಗೆ, ಎಷ್ಟು ದಿನ ಕೊಡುತ್ತೀರಿ ಎಂಬ ವಿವರ. ಬಲಪುಟಗಳನ್ನು ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಲು ಏರ್ಪಾಡು ಮಾಡುತ್ತೇವೆ. ಮೊದಲನೆಯ ಪುಟದಲ್ಲಿ ನಮ್ಮ ಮನೆಯ ಕೊತ್ತಂಬರಿ ಜೀರಿಗೆ ಕಷಾಯವನ್ನು ನಾನೇ ಬರೆದಿದ್ದೇನೆ: ಕೊತ್ತಂಬರಿ ನಾಲ್ಕು ಪಾಲು, ಜೀರಿಗೆ ಎರಡು, ಮೆಂತೆ ಕಾಲು, ಒಳ್ಳೆಮೆಣಸು ಅರ್ಧ, ಹದವಾಗಿ ಹುರಿದು ಪುಡಿಮಾಡಿ, ಒಂದು ಲೋಟಕ್ಕೆ ಒಂದು ಚಮಚ, ಬೆಲ್ಲ, ಹಾಲು. ಎರಡನೆಯ ಪುಟ ಖಾಲಿಯಿದೆ.